ಸ್ಕೀ ಲಾಗರ್‌ನ ಬ್ಯಾಗು ತುಂಬುವವರು ಯಾರು?

ಸ್ವಿಟ್ಜರ್ಲೆಂಡಿನ ನಮ್ಮ ಕನ್ನಡ ಬಳಗದ ಪತ್ರಿಕೆಗೆ ಈ ಸಲದ ಸಂಪಾದಕೀಯವನ್ನು ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಬಸವನಗುಡಿಯಲ್ಲಿ ಅಮ್ಮನ ಮನೆಯ ತಾರಸಿ, ಬೆಳಗ್ಗೆ ಏಳು ಗಂಟೆ, ಕೈಯಲ್ಲಿ ಬಿಸಿ ಕಾಫಿ. ಕೆಳಗೆ ವಾಕಿಂಗ್ ಹೊರಟವರೆಲ್ಲ ಮಂಕಿ ಕ್ಯಾಪ್ ಹಾಕಿಕೊಂಡಿದ್ದಾರೆ. ಹೊರಗೆ 15-16 ಡಿಗ್ರಿ ಇರಬಹುದು. 1884ರ ಜನವರಿಯಲ್ಲಿ ಒಮ್ಮೆ ಇಲ್ಲಿ 7.8 ಡಿಗ್ರಿಗೆ ಇಳಿದಿತ್ತು. ಈ ಊರಿನ ದಾಖಲೆ ಇವತ್ತಿಗೂ ಅದೇ. ಅಂಥ ಊರಲ್ಲಿ ಕೂತು ನಾವು ಈಗ ಸ್ವಿಟ್ಜರ್ಲೆಂಡಿನ ಹಿಮಕ್ಕೆ ಬ್ಯಾಗು ತುಂಬುತ್ತಿದ್ದೇವೆ.

ಮಗನಿಗೆ ಹತ್ತು ವರ್ಷ. ಜನವರಿ ಕೊನೆಯ ವಾರ ಅವನ ಶಾಲೆಯ ಸ್ಕೀ ಲಾಗರ್, ಅಂದರೆ ಹಿಮದ ಮೇಲೆ ಸ್ಕೀ ಮಾಡುವ ಶಿಬಿರ. ಐದು ದಿನ, ಅಪ್ಪ ಅಮ್ಮ ಇಲ್ಲದೆ. ನಾವು ವಾಪಸ್ ಹೋದ ಮರುದಿನವೇ ಶಾಲೆ, ಕೆಲಸ ಎರಡೂ ಶುರು. ಅದಕ್ಕೇ ಶಾಲೆ ಕೊಟ್ಟ ಪಟ್ಟಿಯನ್ನು ಇಲ್ಲಿಗೇ ತಂದೆ. ಪಟ್ಟಿ ನೋಡಿದ ದಿನದಿಂದ ಅಮ್ಮನಿಗೆ ಒಂದೇ ಯೋಚನೆ. "ಇಲ್ಲೇ ಇಷ್ಟು ಚಳಿ. ಆ ಮಗು ಅಲ್ಲಿ ಒಂದೇ ಹೇಗಿರುತ್ತೆ?" ಸಂಜೆಯೇ ಕಪಾಟಿನಿಂದ ಆರು ಹೊಸ ಬಿಳಿ ಬನಿಯನ್ ತೆಗೆದು ಮಂಚದ ಮೇಲೆ ಇಟ್ಟರು. ಜೊತೆಗೆ ಮಫ್ಲರ್, ಒಂದು ಡಬ್ಬಿ ಕೋಡುಬಳೆ, ಕೊಬ್ಬರಿ ಎಣ್ಣೆಯ ಸಣ್ಣ ಬಾಟಲಿ. ಬ್ಯಾಗು ತೆರೆದು ಎಲ್ಲವನ್ನೂ ಜೋಡಿಸಲು ಕೂತೇಬಿಟ್ಟರು.

ನಾನು ಅವರ ಕೈ ಹಿಡಿದು ನಿಲ್ಲಿಸಿದೆ. ಯಾಕೆ ಅಂತ ಹೇಳಬೇಕು.

ಎರಡು ವರ್ಷದ ಹಿಂದೆ ದೊಡ್ಡ ಮಗಳ ಮೊದಲ ಲಾಗರ್. ಅವಳು ಮಲಗಿದ ಮೇಲೆ ರಾತ್ರಿ ಕೂತು ನಾನೇ ಬ್ಯಾಗು ತುಂಬಿದ್ದೆ. ಸೀರೆ ಮಡಿಸುವ ಹಾಗೆ ಒಂದೊಂದನ್ನೂ ನೀಟಾಗಿ ಮಡಿಸಿ ಇಟ್ಟಿದ್ದೆ. ಯಾವುದೂ ಬಿಟ್ಟುಹೋಗಿರಲಿಲ್ಲ. ಶುಕ್ರವಾರ ಬಸ್ಸಿನಿಂದ ಇಳಿದಾಗ ಅವಳ ಬೆರಳ ತುದಿಗಳೆಲ್ಲ ಕೆಂಪಾಗಿ ಒಡೆದಿದ್ದವು. ಮನೆಗೆ ಬಂದು ಬ್ಯಾಗು ಖಾಲಿ ಮಾಡಿದೆ. ತಳದಲ್ಲಿ ಎರಡನೇ ಜೊತೆ ಕೈಗವಸು ಹಾಗೇ ಇತ್ತು, ಬೆಲೆಯ ಚೀಟಿ ಕೂಡ ಕಿತ್ತಿರಲಿಲ್ಲ. ಮೊದಲನೇ ದಿನವೇ ಒದ್ದೆಯಾದ ಗ್ಲೌಸನ್ನೇ ಮಗು ಐದೂ ದಿನ ಹಾಕಿಕೊಂಡಿತ್ತು. "ಇದ್ಯಾಕೆ ಹಾಕ್ಕೊಳ್ಳಿಲ್ಲ ಕಂದ?" ಅಂತ ಕೇಳಿದೆ. "ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲಮ್ಮ" ಅಂದಳು.

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಲಾಗರ್‌ನಲ್ಲಿ ಟೀಚರ್ ಒಬ್ಬರು ಎಷ್ಟು ಮಕ್ಕಳ ಬ್ಯಾಗು ನೋಡಲು ಆಗುತ್ತದೆ? ಬೆಳಗ್ಗೆ ಅವಸರದಲ್ಲಿ ಆರು ಮಕ್ಕಳು ಒಂದೇ ಕೋಣೆಯಲ್ಲಿ ಬಟ್ಟೆ ಹುಡುಕುತ್ತಿರುತ್ತಾರೆ. ತಾನೇ ಇಟ್ಟ ಮಗುವಿಗೆ ಮಾತ್ರ ಯಾವುದು ಎಲ್ಲಿದೆ ಅಂತ ಗೊತ್ತಿರುತ್ತದೆ.

ಹಾಗಾಗಿ ಈ ಸಲ ಅಮ್ಮ ಕುರ್ಚಿಯಲ್ಲಿ ಕೂತು ಪಟ್ಟಿ ಓದುತ್ತಾರೆ, ಮೊಮ್ಮಗ ಇಡುತ್ತಾನೆ. ಒಳಗೆ ಹಾಕುವ ಮೊದಲು ಎಲ್ಲವನ್ನೂ ಮಂಚದ ಮೇಲೆ ಹರಡಿ, ದಿನಕ್ಕೊಂದು ಗುಡ್ಡೆ ಮಾಡಿದ. ಒಳಗಿನ ಬಟ್ಟೆ ಒಂದು ಕಡೆ, ಒದ್ದೆ ಬಟ್ಟೆಗೆ ಖಾಲಿ ಪ್ಲಾಸ್ಟಿಕ್ ಕವರು ಇನ್ನೊಂದು ಕಡೆ, ಗ್ಲೌಸು ಎರಡು ಜೊತೆ ಪಕ್ಕದ ಜೇಬಿಗೆ. ಮರುದಿನ ಕಣ್ಣು ಮುಚ್ಚಿಸಿ, "ಎರಡನೇ ಜೊತೆ ಎಲ್ಲಿ?" ಅಂತ ಕೇಳಿದೆ. ಕೈ ನೇರವಾಗಿ ಜೇಬಿಗೇ ಹೋಯಿತು. ನಿಮ್ಮ ಮಕ್ಕಳ ಜೊತೆ ಇದೊಂದನ್ನು ದಯವಿಟ್ಟು ಮಾಡಿ ನೋಡಿ. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತದೆ. ಹಿಡಿಯಲಿ.

ಇನ್ನು ಆ ಬನಿಯನ್ ವಿಷಯ. ನಮ್ಮ ಮನೆಗಳಲ್ಲಿ ಮಗುವಿನ ಮೈಗೆ ಹತ್ತಿಯೇ ಒಳ್ಳೆಯದು ಅಂತ ಬೆಳೆದುಬಂದ ನಂಬಿಕೆ. ನಮ್ಮೂರಿನ ಸೆಕೆಗೆ ಅದು ನಿಜವೂ ಹೌದು. ಹಿಮದಲ್ಲಿ ಮಾತ್ರ ಹತ್ತಿ ಬೇಡ. ಅಮ್ಮನಿಗೆ ಹೇಗೆ ಹೇಳಲಿ ಅಂತ ಯೋಚಿಸುತ್ತಿದ್ದಾಗ ಹಗ್ಗದ ಮೇಲಿನ ಬಟ್ಟೆ ಕಣ್ಣಿಗೆ ಬಿತ್ತು. "ಮಳೆಗಾಲದಲ್ಲಿ ಒಗೆದು ಹಾಕಿದರೆ ನೈಲಾನ್ ಸೀರೆ ಯಾವಾಗ ಒಣಗುತ್ತೆ? ಅಪ್ಪನ ಬನಿಯನ್ ಯಾವಾಗ ಒಣಗುತ್ತೆ?" ಅಂದೆ. "ಬನಿಯನ್ನಾ? ಎರಡು ದಿನ ಆದ್ರೂ ತಣ್ಣಗೇ ಇರುತ್ತೆ" ಅಂದರು. ಅಷ್ಟೇ ವಿಷಯ. ಸ್ಕೀ ಮಾಡುವ ಮಗು ಚೆನ್ನಾಗಿ ಬೆವರುತ್ತದೆ. ಆಮೇಲೆ ಬೆಟ್ಟದ ಮೇಲಕ್ಕೆ ಒಯ್ಯುವ ತೆರೆದ ಲಿಫ್ಟಿನಲ್ಲಿ ಗಾಳಿಗೆ ಅಲ್ಲಾಡದೆ ಕೂರುತ್ತದೆ. ಬೆವರು ಕುಡಿದ ಹತ್ತಿ ಆಗ ಮೈಗೆ ಅಂಟಿ ಕೂರುತ್ತದೆ. ನೀರು ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಂಡು ಹೋಗುತ್ತದೆ. ಬೆಚ್ಚಗಿರಬೇಕು ಅಂದರೆ ಮೊದಲು ಒಣಗಿರಬೇಕು. ಅಮ್ಮ ಆರೂ ಬನಿಯನ್ನುಗಳನ್ನು ತಾವೇ ಎತ್ತಿ ಕಪಾಟಿಗೆ ವಾಪಸ್ ಇಟ್ಟರು.

ಹಾಗಾಗಿ ಮೈಗೆ ತಾಗುವುದು ಪಾಲಿಯೆಸ್ಟರ್ ಅಥವಾ ಉಣ್ಣೆಯ ಥರ್ಮಲ್, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್, ಹೊರಗೆ ನೀರು ಗಾಳಿ ಎರಡೂ ತಡೆಯುವ ಜಾಕೆಟ್ಟು, ಪ್ಯಾಂಟು. ಥರ್ಮಲ್ಲನ್ನು ಬೆಂಗಳೂರಿನಲ್ಲೇ ಕೊಂಡುಕೊಳ್ಳುವುದಾದರೆ ಒಳಗಿನ ಲೇಬಲ್ ಓದಿ. ಇಲ್ಲಿ ಥರ್ಮಲ್ ಅಂತ ಮಾರುವುದರಲ್ಲಿ ಎಷ್ಟೋ ಹತ್ತಿಯದೇ. ಚಳಿಗಾಲದಲ್ಲಿ ಟಿಬೆಟನ್ನರು ಮಾರುವ ಸ್ವೆಟರುಗಳು ನಡುವಿನ ಪದರಕ್ಕೆ ಆಗುತ್ತವೆ, ಸಂಜೆಗೂ ಆಗುತ್ತವೆ.

ಕಾಲುಚೀಲದಲ್ಲೂ ನಮ್ಮ ಪ್ರೀತಿ ದಾರಿ ತಪ್ಪುತ್ತದೆ. ಒಂದರ ಮೇಲೆ ಒಂದು ಎರಡು ಹಾಕಿ ಕಳಿಸುತ್ತೇವೆ. ಬೂಟು ಬಿಗಿಯಾಗಿ ಕಾಲಿಗೆ ರಕ್ತ ಸರಿಯಾಗಿ ಓಡುವುದಿಲ್ಲ, ಪಾದ ಇನ್ನೂ ತಣ್ಣಗಾಗುತ್ತದೆ. ಮೊಣಕಾಲಿನವರೆಗೆ ಬರುವ ಉಣ್ಣೆಯ ಚೀಲ ಒಂದೇ ಸಾಕು. ಥರ್ಮಲ್‌ನ ಕಾಲನ್ನೂ ಬೂಟಿನೊಳಗೆ ತುರುಕಬಾರದು, ಅಲ್ಲೇ ಉಜ್ಜಿ ಬೊಬ್ಬೆ ಏಳುತ್ತದೆ. ಮಫ್ಲರ್ ಬೇಡ, ಉದ್ದನೆಯ ತುದಿ ಲಿಫ್ಟಿಗೆ ಸಿಕ್ಕಿಕೊಳ್ಳಬಹುದು. ತಲೆಯಿಂದ ಇಳಿಸಿ ಹಾಕುವ ಕೊಳವೆಯಂಥ ಬಟ್ಟೆ ಸಿಗುತ್ತದೆ, ಅದು ಒಳ್ಳೆಯದು. ಹೆಣ್ಣುಮಕ್ಕಳ ಅಮ್ಮಂದಿರಿಗೆ ಒಂದು ಮಾತು. ದಪ್ಪ ಜಡೆಯನ್ನು ಮೇಲೆ ಎತ್ತಿ ಕಟ್ಟಿದರೆ ಹೆಲ್ಮೆಟ್ ಹಿಂದಕ್ಕೆ ಜಾರಿ ಹಣೆಯೆಲ್ಲ ತೆರೆದುಕೊಳ್ಳುತ್ತದೆ. ಕಿವಿಯ ಕೆಳಗೆ ಎರಡು ಜಡೆ ಹಾಕಿ. ಹೆಲ್ಮೆಟ್ಟಿನ ಅಂಚು ಹುಬ್ಬಿನಿಂದ ಎರಡು ಬೆರಳಷ್ಟೇ ಮೇಲಿರಬೇಕು. ಎರಡು ಜಡೆ ಹಾಕಿಕೊಳ್ಳುವುದನ್ನು ಮಗಳಿಗೇ ಕಲಿಸಿ ಕಳಿಸಿ, ಅಲ್ಲಿ ನೀವಿರುವುದಿಲ್ಲ.

ಒಂದು ವಿಷಯಕ್ಕೆ ಜಾಸ್ತಿ ಗಮನ ಕೊಡಿ ಅಂತ ಕೇಳಿಕೊಳ್ಳುತ್ತೇನೆ. ಸ್ಕೀ ಬಾಡಿಗೆಗೆ ತರುವಾಗ ಅಂಗಡಿಯಲ್ಲಿ ಮಗುವಿನ ತೂಕ, ಎತ್ತರ, ವಯಸ್ಸು, ಸ್ಕೀ ಮಾಡಲು ಎಷ್ಟು ಬರುತ್ತದೆ ಅಂತೆಲ್ಲ ಕೇಳುತ್ತಾರೆ. ಅದು ಸುಮ್ನೆ ಅಲ್ಲ. ಬಿದ್ದಾಗ ಸ್ಕೀ ಕಾಲಿನಿಂದ ಕಳಚಿಕೊಳ್ಳಬೇಕು. ಎಷ್ಟು ಒತ್ತಡಕ್ಕೆ ಕಳಚಬೇಕು ಅನ್ನುವುದನ್ನು ಈ ಲೆಕ್ಕದ ಮೇಲೆ, ಬೂಟಿನ ಅಳತೆಯನ್ನೂ ಸೇರಿಸಿ ಹೊಂದಿಸುತ್ತಾರೆ. ಕಳಚದಿದ್ದರೆ ಮೊಣಕಾಲಿಗೆ ಅಪಾಯ. ಬೇಡದಾಗ ಕಳಚಿದರೂ ಅಪಾಯ. ಅಕ್ಟೋಬರಿನಲ್ಲಿ ಸೀಸನ್ ಬಾಡಿಗೆಗೆ ತಂದು, ಎರಡು ವಾರ ಅಜ್ಜಿ ಮನೆಯ ಒಬ್ಬಟ್ಟು, ಮಸಾಲೆದೋಸೆ ತಿಂದು ಹೋದ ಮಕ್ಕಳ ತೂಕ ಬದಲಾಗಿರುತ್ತದೆ. ವಾಪಸ್ ಹೋದ ಮೇಲೆ ಒಮ್ಮೆ ತೂಕ ನೋಡಿ. ಬದಲಾಗಿದ್ದರೆ ಅಂಗಡಿಗೆ ಹೋಗಿ ಮತ್ತೆ ಹೊಂದಿಸಿಕೊಂಡು ಬನ್ನಿ. ಮಗು ಹೊಸದಾಗಿ ಕಲಿಯುತ್ತಿದ್ದರೆ ಹೊಸದು ಅಂತಲೇ ಬರೆಯಿರಿ.

ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಅಮ್ಮನ ಅಡುಗೆಮನೆಯಲ್ಲೇ ಬಾಟಲಿ ಬೆಳ್ಳಗೆ ಗಟ್ಟಿಯಾಗಿ ಕೂತಿತ್ತು. ಅದರ ಜಾಗಕ್ಕೆ ಸನ್‌ಸ್ಕ್ರೀನ್, ತುಟಿಗೆ ಹಚ್ಚುವ ಕ್ರೀಮು ಹೋಯಿತು. "ಚಳಿಗೆ ಬಿಸಿಲಿನ ಕ್ರೀಮ್ ಯಾಕೆ?" ಅಂತ ಅಮ್ಮ ಕೇಳಿದ್ದು ಸಹಜ. ಸಾವಿರ ಮೀಟರ್ ಮೇಲೆ ಹೋದಂತೆಲ್ಲ ಅತಿನೇರಳೆ ಕಿರಣ ಶೇ. 10ರಿಂದ 12ರಷ್ಟು ಹೆಚ್ಚುತ್ತದೆ. ಹೊಸ ಹಿಮ ಅದರಲ್ಲಿ ಶೇ. 80ರವರೆಗೆ ವಾಪಸ್ ಮುಖಕ್ಕೇ ಹೊಡೆಯುತ್ತದೆ. ಗಲ್ಲದ ಕೆಳಗೂ ಮೂಗಿನ ಕೆಳಗೂ ಹಚ್ಚಬೇಕು. ಕಣ್ಣಿಗೆ ಗಾಗಲ್ ಬೇಕೇ ಬೇಕು.

ಕೋಡುಬಳೆ ಮಾತ್ರ ಉಳಿಯಿತು, ಕೋಣೆಯಲ್ಲಿ ಹಂಚಿ ತಿನ್ನಲು. ಊಟದ ಫಾರ್ಮಿನಲ್ಲಿ ಬರೀ ಸಸ್ಯಾಹಾರಿ ಅಂತ ಬರೆದು ಬಿಡಬೇಡಿ. ಆಲೂಗಡ್ಡೆ, ಪಾಸ್ತಾ, ಚೀಸ್ ಹಾಕಿ ಮಾಡುವ ಆಲ್ಪ್ಲರ್‌ಮಗ್ರೋನೆನ್‌ನಲ್ಲಿ ಎಷ್ಟೋ ಕಡೆ ಬೇಕನ್, ಅಂದರೆ ಹಂದಿಮಾಂಸದ ಚೂರು ಹಾಕುತ್ತಾರೆ. ಏನು ತಿನ್ನುವುದಿಲ್ಲ ಅಂತ ಬಿಡಿಸಿ ಬರೆಯಿರಿ, ಮಗುವಿಗೂ ಕೇಳಲು ಹೇಳಿಕೊಡಿ.

ಬ್ಯಾಗಿಗೆ ಎರಡು ಹಳೆಯ ಕನ್ನಡ ಪೇಪರು ಹಾಕಿದ್ದೇವೆ. ರಾತ್ರಿ ಒದ್ದೆ ಶೂ ಒಳಗೆ ಉಂಡೆ ಮಾಡಿ ತುರುಕಿದರೆ ತೇವ ಎಳೆದುಕೊಳ್ಳುತ್ತದೆ. ಗ್ಲೌಸಿನ ಒಳಗೆ ಮಗ ತನ್ನ ಹೆಸರನ್ನು ಕನ್ನಡದಲ್ಲೇ ಬರೆದಿದ್ದಾನೆ. ಅವನ ತರಗತಿಯಲ್ಲಿ ಕನ್ನಡ ಬರುವುದು ಅವನೊಬ್ಬನಿಗೇ, ಬೇರೆಯವರದರ ಜೊತೆ ಕಲೆಯುವ ಮಾತೇ ಇಲ್ಲ. ಅವನ ತಾತ ದಿನಾ ಬೆಳಗ್ಗೆ ಅವನಿಂದ ಇಪ್ಪತ್ತು ಬಸ್ಕಿ ಹೊಡೆಸುತ್ತಿದ್ದಾರೆ. ಹುಡುಗನಾಗಿದ್ದಾಗ ಗರಡಿಮನೆಯಲ್ಲಿ ಕಲಿತದ್ದಂತೆ. ಸ್ಕೀ ಮಾಡುವಾಗ ದಿನವಿಡೀ ಮಂಡಿ ಬಗ್ಗಿಸಿಯೇ ಇರಬೇಕು, ತೊಡೆಗೆ ಇದಕ್ಕಿಂತ ಒಳ್ಳೆಯ ತಯಾರಿ ನನಗೆ ಗೊತ್ತಿಲ್ಲ.

ಸ್ವಿಟ್ಜರ್ಲೆಂಡಿಗೆ ಹೊಸದಾಗಿ ಬಂದ ಕುಟುಂಬಗಳು ಲಾಗರ್‌ನ ಖರ್ಚು ಕೇಳಿ ಹೆದರುತ್ತವೆ. ಮಗುವನ್ನು ಕಳಿಸದೇ ಇದ್ದುಬಿಡೋಣ ಅಂತಲೂ ಕೆಲವರು ನನ್ನ ಹತ್ತಿರ ಹೇಳಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಲ್ಲಿದ್ದಲು ಉಳಿಸಲು ಶಾಲೆ ಮುಚ್ಚಿದ ರಜೆಗಳಿಂದ ಬೆಳೆದ ರೂಢಿ ಇದು. ಅಲ್ಲಿನ ಮಕ್ಕಳ ಗೆಳೆತನಗಳು ಆ ಐದು ದಿನದಲ್ಲಿ ಗಟ್ಟಿಯಾಗುತ್ತವೆ. ಸರ್ಕಾರಿ ಶಾಲೆಯಲ್ಲಿ ಹೋಗಲೇಬೇಕಾದ ಲಾಗರ್ ಆಗಿದ್ದರೆ ಊಟದ ಖರ್ಚು ಮಾತ್ರ, ಅಂದರೆ ದಿನಕ್ಕೆ ಹೆಚ್ಚೆಂದರೆ 10ರಿಂದ 16 ಫ್ರಾಂಕ್ ಪೋಷಕರಿಂದ ತೆಗೆದುಕೊಳ್ಳಬಹುದು ಅಂತ 2017ರ ಡಿಸೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಬಟ್ಟೆಗೆ ನಾವಿದ್ದೇವೆ. ಬಳಗದ ಸಂಕ್ರಾಂತಿ ಕಾರ್ಯಕ್ರಮದ ದಿನ ಎಳ್ಳು ಬೀರುವ ಮೇಜಿನ ಪಕ್ಕ ಇನ್ನೊಂದು ಮೇಜು ಇಡುತ್ತೇವೆ. ನಿಮ್ಮ ಮಕ್ಕಳಿಗೆ ಗಿಡ್ಡವಾದ ಸ್ಕೀ ಪ್ಯಾಂಟು, ಜಾಕೆಟ್ಟು, ಗ್ಲೌಸು ಒಗೆದು ತನ್ನಿ. ಬೇಕಾದವರು ಸಂಕೋಚ ಇಲ್ಲದೆ ತೆಗೆದುಕೊಂಡು ಹೋಗಿ. ನನ್ನ ಮಗಳ ನೀಲಿ ಪ್ಯಾಂಟು ಆ ಮೇಜಿಗೆ ಮೊದಲನೆಯದು. ಹೆಲ್ಮೆಟ್ ಮಾತ್ರ ಬೇಡ. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಮತ್ತೆ ಕಾಪಾಡುವುದಿಲ್ಲ.

ನಿನ್ನೆ ಸಂಜೆ ಅಮ್ಮ ಹೆಣೆಯುತ್ತಿದ್ದ ಟೊಪ್ಪಿ ಮುಗಿಯಿತು. ಕಡುಗೆಂಪು ಉಣ್ಣೆ, ಅಂಚಿಗೆ ಎರಡು ಬಿಳಿ ಸಾಲು. ದಪ್ಪ ಟೊಪ್ಪಿ ಹೆಲ್ಮೆಟ್ಟಿನ ಒಳಗೆ ಹಾಕುವಂತಿಲ್ಲ ಅಂತ ಹೇಳಲು ನನಗೆ ಬಾಯಿ ಬರಲಿಲ್ಲ. ಮಗನೇ ಹೇಳಿದ. "ಅಜ್ಜಿ, ಇದು ಸ್ಕೀ ಮಾಡುವಾಗ ಅಲ್ಲ. ರಾತ್ರಿ ಊಟ ಆದ್ಮೇಲೆ ಟಾರ್ಚ್ ಹಿಡ್ಕೊಂಡು ಎಲ್ಲರೂ ಹೊರಗೆ ಹೋಗ್ತೀವಂತೆ. ಆಗ ಹಾಕ್ಕೋತೀನಿ." ಟೊಪ್ಪಿಯನ್ನು ಸುರುಳಿ ಸುತ್ತಿ ಬ್ಯಾಗಿನ ಎಡಗಡೆ ಜೇಬಿಗೆ ಇಟ್ಟ. ಆಮೇಲೆ ಅಜ್ಜಿಯ ಕೈ ಹಿಡಿದು ಆ ಜೇಬಿನೊಳಗೆ ಹಾಕಿಸಿ ತೋರಿಸಿದ. "ಇಲ್ಲಿದೆ ನೋಡಿ ಅಜ್ಜಿ. ನಂಗೆ ಗೊತ್ತು."