ಆಯುಧಪೂಜೆಗೆ ಮುನ್ನ ಜೀಪಿನ ಡ್ರಮ್ ಬಿಚ್ಚಿಸಿ

ಸಂಪಾದಕರಿಗೆ,

ಮಾನ್ಯರೇ,

ಆಯುಧಪೂಜೆ ಹತ್ತಿರ ಬಂತೆಂದರೆ ಮಲೆನಾಡು, ಕೊಡಗಿನ ಹಳೆಯ ಜೀಪುಗಳಿಗೆಲ್ಲ ಸ್ನಾನ, ಬಣ್ಣ, ಚೆಂಡುಹೂವಿನ ಹಾರ. ಕೊಡಚಾದ್ರಿ, ಮಾಂದಲಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವ ಜೀಪಿರಲಿ, ಕಾಫಿ ತೋಟದ ಜೀಪಿರಲಿ, ಅದೇ ವಾರ ನಾಲ್ಕೂ ಬ್ರೇಕ್ ಡ್ರಮ್ ಬಿಚ್ಚಿಸಿ ನೋಡಿ ಎಂದು ಮಾಲೀಕರನ್ನು ಕೇಳಿಕೊಳ್ಳಲು ಈ ಪತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೆಸರಿನಲ್ಲೇ ಓಡಿದ ಗಾಡಿಯ ಡ್ರಮ್ಮಿನೊಳಗೆ ಹೊಕ್ಕ ಮಣ್ಣು ತಾನಾಗಿ ಹೊರಬರುವುದಿಲ್ಲ. ಬ್ರೇಕ್ ಒತ್ತಿದಾಗ ಚಕ್ರದೊಂದಿಗೆ ತಿರುಗುವ ಡ್ರಮ್ಮಿನ ಒಳಮೈಗೆ ಒತ್ತಿಕೊಳ್ಳುವ ಕಮಾನು ಶೂ, ಅದರ ಮೇಲಿನ ಪಟ್ಟಿ ಲೈನರ್. ಮಣ್ಣು ಈ ಲೈನರ್ ಮತ್ತು ಡ್ರಮ್ ನಡುವೆ ಕೂತು ಎರಡನ್ನೂ ತೇಯುತ್ತದೆ. ಪೆಡಲ್ ಕೆಳಗಿಳಿದಾಗಲೆಲ್ಲ ಶೂವನ್ನು ಡ್ರಮ್ಮಿಗೆ ಹತ್ತಿರ ತರುವ ಅಡ್ಜಸ್ಟರ್ ತಿರುಗಿಸಿ ಮೇಲೆ ತಂದುಕೊಳ್ಳುವ ರೂಢಿ ನಮ್ಮಲ್ಲಿದೆ. ಅದರಿಂದ ಪೆಡಲ್ ಸರಿಯಾಗುತ್ತದೆ, ಸವೆದ ಲೈನರ್ ಮಾತ್ರ ಕಣ್ಣಿಗೆ ಬೀಳುವುದೇ ಇಲ್ಲ.

ಜಾಕ್ ಕೊಡುವಾಗಲೇ ಒಂದು ಅಪಾಯವಿದೆ. ವಿಲ್ಲೀಸ್ ಮಾದರಿಯ ಜೀಪಿನಲ್ಲಿ ಹ್ಯಾಂಡ್ ಬ್ರೇಕ್ ಚಕ್ರದಲ್ಲಿಲ್ಲ, ಮುಂದಿನ, ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟ್ ಮೇಲಿದೆ. ಒಂದು ಹಿಂಚಕ್ರ ನೆಲ ಬಿಟ್ಟ ಕೂಡಲೇ ಎರಡು ಚಕ್ರ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಿಂದಾಗಿ ಆ ಚಕ್ರ ಸುತ್ತುತ್ತದೆ, ಹ್ಯಾಂಡ್ ಬ್ರೇಕ್ ಎಳೆದಿದ್ದರೂ ಜೀಪು ಜಾರುತ್ತದೆ. ಹಾಗಾಗಿ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡ ಕಲ್ಲು ಕೊಡಲೇಬೇಕು, ಆಕ್ಸಲ್ ಕೆಳಗೆ ಸ್ಟ್ಯಾಂಡ್ ಇಡಲೇಬೇಕು. ಹಳೆಯ ಜೀಪುಗಳ ಎಡಗಡೆ ಚಕ್ರದ ನಟ್‌ಗಳಿಗೆ ಉಲ್ಟಾ ಥ್ರೆಡ್ ಇರುವುದುಂಟು. ಅದು ಗೊತ್ತಿಲ್ಲದೆ ಬಲ ಹಾಕಿದರೆ ಸ್ಟಡ್ ಮುರಿಯುತ್ತದೆ. ಹಿಂದಿನ ಹಬ್ (ಚಕ್ರದ ನಡುಭಾಗ) ಟೇಪರ್, ಅಂದರೆ ತುದಿ ಸಣ್ಣಗಾಗುವ ಆಕ್ಸಲ್ ಮೇಲೆ ಕೂತಿದ್ದರೆ ಎಳೆದು ಕಳಚುವ ಪುಲ್ಲರ್ ಹಾಕಿಯೇ ತೆಗೆಯಿರಿ, ಆಕ್ಸಲ್ ತುದಿಗೆ ಸುತ್ತಿಗೆ ತಾಗಿಸಬೇಡಿ.

ಡ್ರಮ್ ಕಳಚಿದ ಮೇಲೆ ಕಂಪ್ರೆಸರ್ ಗಾಳಿ ಹೊಡೆಯಬಾರದು. ಹಳೆಯ ಲೈನರ್‌ಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಆ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ಸೋಪಿನ ನೀರಿನಿಂದ ನೆನೆಸಿ, ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಬಿಸಾಡಿ. ರಿವೆಟ್ ಹೊಡೆದ ಲೈನರ್ ಆದರೆ ರಿವೆಟ್ ತಲೆಯ ಮೇಲೆ ಉಳಿದಿರುವ ದಪ್ಪ ನೋಡಿ. 0.8 ಮಿ.ಮೀ.ಗೆ ಇಳಿದಿದ್ದರೆ ಬದಲಿಸಬೇಕು. ಅಂಟಿಸಿದ ಲೈನರ್‌ಗೆ ಈ ಮಿತಿ 1.6 ಮಿ.ಮೀ. ರಿವೆಟ್ ಡ್ರಮ್ಮಿಗೆ ತಾಗಿ ಗೆರೆ ಬಿದ್ದಿದ್ದರೆ ಲೇತ್‌ಗೆ ಕೊಡಬಹುದು, ಆದರೆ ಸಾಮಾನ್ಯವಾಗಿ ವ್ಯಾಸದಲ್ಲಿ 1.5 ಮಿ.ಮೀ.ಗಿಂತ ಹೆಚ್ಚು ತೆಗೆಯುವಂತಿಲ್ಲ. ತೆಳುವಾದ ಡ್ರಮ್ ಇಳಿಜಾರಿನಲ್ಲಿ ಬೇಗ ಕಾಯುತ್ತದೆ, ಹಿಗ್ಗಿ ಶೂನಿಂದ ದೂರ ಸರಿಯುತ್ತದೆ. ಘಾಟಿ ಇಳಿಯುವಾಗ ಪೆಡಲ್ ಆಳಕ್ಕೆ ಹೋಗುವುದಕ್ಕೆ ಇದೂ ಒಂದು ಕಾರಣ.

ಲೈನರ್ ಆಯಿಲ್ ಹೀರಿದ್ದರೆ ಬೆಂಕಿಗೆ ಹಿಡಿದು ಒಣಗಿಸಿ ಮತ್ತೆ ಹಾಕುತ್ತಾರೆ. ದಯವಿಟ್ಟು ಬೇಡ. ಕಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ. ಲೈನರ್ ಬದಲಿಸಿ, ಆಯಿಲ್ ಎಲ್ಲಿಂದ ಬಂತೆಂದೂ ಹುಡುಕಿ. ಹಿಂದಿನ ಆಕ್ಸಲ್ ಸೀಲ್ ಹೋಗಿದ್ದರೆ ಹೊಸ ಸೀಲ್ ಹಾಕಿದರಷ್ಟೇ ಸಾಲದು, ಆಕ್ಸಲ್ ಹೌಸಿಂಗ್ ಮೇಲಿನ ಬ್ರೀದರ್ (ಗಾಳಿ ಹೋಗುವ ರಂಧ್ರ) ಕೆಸರಿನಿಂದ ಮುಚ್ಚಿದೆಯೇ ನೋಡಬೇಕು. ಅದು ಮುಚ್ಚಿದ್ದರೆ ಕಾದ ಗಾಳಿಯ ಒತ್ತಡ ಹೊಸ ಸೀಲಿನಿಂದಲೂ ಆಯಿಲನ್ನು ಹೊರದಬ್ಬುತ್ತದೆ. ಶೂವನ್ನು ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಟೋಪಿ ಎತ್ತಿ ನೋಡಿ, ಒಳಗೆ ಒದ್ದೆಯಿದ್ದರೆ ಕಿಟ್ (ರಬ್ಬರ್ ಭಾಗಗಳ ಸೆಟ್) ಬದಲಿಸಬೇಕು. ಬೋರಿನಲ್ಲಿ ತುಕ್ಕಿನ ಗುಳಿ ಬಿದ್ದಿದ್ದರೆ ಸಿಲಿಂಡರನ್ನೇ ಬದಲಿಸಿ. ಸಿಲಿಂಡರ್, ಕಿಟ್ ತೊಳೆಯಲು ಬ್ರೇಕ್ ಆಯಿಲನ್ನೇ ಬಳಸಿ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ತಾಗಿದ ರಬ್ಬರ್ ಉಬ್ಬಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಶೂ ಬದಲಿಸುವುದಾದರೆ ಒಂದೇ ಆಕ್ಸಲಿನ ಎರಡೂ ಚಕ್ರಕ್ಕೆ ಒಟ್ಟಿಗೆ ಬದಲಿಸಿ, ಇಲ್ಲದಿದ್ದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ. ರಿವೆಟ್ ನಡುವಿನಿಂದ ತುದಿಗಳ ಕಡೆಗೆ ಹೊಡೆಯಬೇಕು, ಆಗ ಲೈನರ್ ಶೂಗೆ ಅಪ್ಪಿ ಕೂರುತ್ತದೆ. ಅತಿ ಹೆಚ್ಚು ತಪ್ಪಾಗುವುದು ಉದ್ದ, ಗಿಡ್ಡ ಲೈನರ್ ಜೋಡಿಸುವಲ್ಲಿ. ಶೂಗಳನ್ನು ಹೊತ್ತ ಬ್ಯಾಕ್ ಪ್ಲೇಟಿನ ಕೆಳಗಡೆ, ಶೂ ತುದಿ ಕೂರುವ ಎರಡು ಆಂಕರ್ ಪಿನ್ ಇರುವ ಹಳೆಯ ವಿಲ್ಲೀಸ್ ಮಾದರಿಯಲ್ಲಿ ಉದ್ದ ಲೈನರ್ ಗಾಡಿಯ ಮುಂದಿನ ಕಡೆಗಿರಬೇಕು, ಏಕೆಂದರೆ ಅಲ್ಲಿ ಹೆಚ್ಚು ಕೆಲಸ ಮಾಡುವುದು ಮುಂದಿನ ಶೂ. ಮೇಲೆ ಒಂದೇ ಪಿನ್, ಕೆಳಗೆ ಸ್ಟಾರ್ ಅಡ್ಜಸ್ಟರ್ ಇರುವ ಮಾದರಿಯಲ್ಲಿ ಮುಂದಿನ ಶೂ ಹಿಂದಿನದನ್ನು ತಳ್ಳುತ್ತದೆ. ಅಲ್ಲಿ ಉದ್ದದ್ದು ಹಿಂದಕ್ಕೆ. ಒಂದು ಜೀಪಿನ ಅಭ್ಯಾಸವನ್ನು ಇನ್ನೊಂದಕ್ಕೆ ಹಚ್ಚಿದರೆ ಹೊಸ ಲೈನರ್ ಇದ್ದೂ ಬ್ರೇಕ್ ಸರಿಯಾಗಿ ಹಿಡಿಯುವುದಿಲ್ಲ.

ಕೂರಿಸುವ ಮೊದಲು ಡ್ರಮ್ಮಿನೊಳಗೆ ಸೀಮೆಸುಣ್ಣ ಬಳಿದು ಶೂ ಉಜ್ಜಿ ನೋಡಿ. ಸುಣ್ಣ ಎರಡೂ ತುದಿಗೆ ಮಾತ್ರ ಅಂಟಿದರೆ ಬ್ರೇಕ್ ಕಚ್ಚಿ ಕಿರುಚುತ್ತದೆ, ತುದಿಗಳನ್ನು ಉಜ್ಜಿ ಇಳಿಸಬೇಕು. ಲೇತ್‌ಗೆ ಹೋಗಿ ಬಂದ ಡ್ರಮ್ಮಿಗೆ ನಡುಭಾಗ ಮಾತ್ರ ತಾಗುತ್ತಿದ್ದರೆ ದಪ್ಪ ಲೈನರ್ ಬೇಕು. ಬ್ಯಾಕ್ ಪ್ಲೇಟಿನಲ್ಲಿ ಶೂ ಅಂಚು ಉಜ್ಜುವ ಕಡೆ ಬಿಸಿ ತಡೆಯುವ ಗ್ರೀಸ್ ತೆಳ್ಳಗೆ ಸವರಿದರೆ ಸಾಕು. ಸುರುಳಿ ಬಿಟ್ಟುಕೊಂಡ ಸ್ಪ್ರಿಂಗ್ ಮತ್ತೆ ಹಾಕಬೇಡಿ. ಎರಡು ಪಿನ್ ಮಾದರಿಗೆ ಸಂದು ಅಳೆಯುವ ಫೀಲರ್ ಗೇಜಿನಲ್ಲಿ ಶೂ ಕೆಳತುದಿ 0.005 ಇಂಚು, ಮೇಲುತುದಿ 0.008 ಇಂಚು ಬಿಡುವು ಬರುವಂತೆ ಆಂಕರ್ ಪಿನ್ ಮತ್ತು ಕ್ಯಾಮ್ ತಿರುಗಿಸಿ. ಮುಂದಿನ ಹಬ್ ಬೇರಿಂಗ್ ನಟ್ಟನ್ನು ಚಕ್ರ ತಿರುಗಿಸುತ್ತಲೇ ಬಿಗಿ ಮಾಡಿ, ಚಕ್ರ ಬಿಗಿಯಾದ ಮೇಲೆ ಒಂದು ಸುತ್ತಿನ ಆರನೇ ಒಂದು ಪಾಲು ಸಡಿಲಿಸಬೇಕು. ಬೇರಿಂಗ್ ಆಡುತ್ತಿದ್ದರೆ ಶೂ ಎಷ್ಟು ಚೆನ್ನಾಗಿ ಹೊಂದಿಸಿದರೂ ವ್ಯರ್ಥ.

ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಈ ಜೀಪುಗಳಲ್ಲಿ ಇರುವುದು ಡ್ರೈವರ್ ಕಾಲಡಿ, ನೆಲದ ಹಲಗೆಯ ಕೆಳಗೆ. ಕೆಸರು ತುಂಬಿದ ಜಾಗ. ಮುಚ್ಚಳ ತೆಗೆಯುವ ಮೊದಲು ಸುತ್ತ ತೊಳೆದು ಒರೆಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಅಳತೆ, ತೇವ ಹೀರಿದ್ದಕ್ಕೆ ಅದು 140 ಮಾತ್ರ. ಕುದ್ದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ. ಹಲವು ಹಳೆಯ ಜೀಪುಗಳಲ್ಲಿ ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ಲೈನು, ಅದು ಕೈಕೊಟ್ಟರೆ ಉಳಿದ ಅರ್ಧ ಬ್ರೇಕ್ ಎಂಬುದೇ ಇರುವುದಿಲ್ಲ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆಯಾದರೂ ಪೂರ್ತಿ ಬದಲಿಸಿ. ಲೈನಿನೊಳಗಿನ ಏರ್ ತೆಗೆಯುವುದು ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ: ಎಡ ಹಿಂದೆ, ಬಲ ಹಿಂದೆ, ಎಡ ಮುಂದೆ, ಕೊನೆಗೆ ಬಲ ಮುಂದೆ. ಪೆಡಲಿಗೆ ಅರ್ಧ ಇಂಚು ಬಿಡುವು ಇರಲೇಬೇಕು. ಬಿಡುವು ಇಲ್ಲದಿದ್ದರೆ ಮಾಸ್ಟರ್ ಸಿಲಿಂಡರಿನ ಸಣ್ಣ ರಂಧ್ರ ಮುಚ್ಚಿಕೊಂಡು ಆಯಿಲ್ ವಾಪಸಾಗದೆ, ಓಡುತ್ತ ಓಡುತ್ತ ಬ್ರೇಕ್ ತಾನೇ ಹಿಡಿದುಕೊಳ್ಳುತ್ತದೆ.

ಎಫ್‌ಸಿ (ವಾಹನದ ಫಿಟ್‌ನೆಸ್ ಸರ್ಟಿಫಿಕೇಟ್) ಮಾಡಿಸಿದ್ದೇವಲ್ಲ ಎನ್ನುವವರಿಗೆ ಒಂದು ಮಾತು: ಎಫ್‌ಸಿ ಸಿಕ್ಕಿತೆಂದರೆ ಡ್ರಮ್ ಒಳಗೆ ನೋಡಿದಂತಾಗಲಿಲ್ಲ. ಪ್ರವಾಸಿ ಜೀಪುಗಳ ಸಂಘಗಳು ಸರದಿಯ ಪ್ರಕಾರ ಪ್ರತಿ ಜೀಪಿಗೂ ಒಂದು ದಿನ ಬಿಡುವು ಕೊಟ್ಟರೆ ಡ್ರೈವರಿಗೆ ದಿನದ ದುಡಿಮೆ ಹೋಗುತ್ತದೆಂಬ ಚಿಂತೆಯೂ ಹಂಚಿಹೋಗುತ್ತದೆ. ತೋಟದ ಮಾಲೀಕರೂ ಆ ದಿನದ ಕೂಲಿ ಹಿಡಿಯದಿರಲಿ. ಹೊಸ ಲೈನರ್ ಹಾಕಿದ ಮೇಲೆ ಮೊದಲ ಕೆಲವು ನೂರು ಕಿ.ಮೀ. ಗಟ್ಟಿಯಾಗಿ ಬ್ರೇಕ್ ಒತ್ತದೆ ಓಡಿಸಿ, 500 ಕಿ.ಮೀ. ಸುಮಾರಿಗೆ ಮತ್ತೊಮ್ಮೆ ಅಡ್ಜಸ್ಟ್ ಮಾಡಿಸಿ. ಜನರನ್ನು ಕೂರಿಸಿಕೊಂಡು ಬೆಟ್ಟ ಹತ್ತುವುದು ಅದಾದ ಮೇಲೆ.

– ಒಬ್ಬ ಜೀಪು ಮೆಕ್ಯಾನಿಕ್, ಮೂಡಿಗೆರೆ