20 ಇಂಚಿನ ಬಾಸ್ ಮೀನು ಮನೆಗೆ ತರೋ ಹಾಗಿಲ್ಲ

ಸಂಪಾದಕರೇ, ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ಟೆಕ್ಸಸ್‌ನ ಲೇಕ್ ಫೋರ್ಕ್ ಜಲಾಶಯದಲ್ಲಿ ಬಾಸ್ ಮೀನು ಹಿಡಿಯಲು ಹೋದವರ ಪ್ರವಾಸ ಲೇಖನ ಓದಿದೆ. ಗಾಳದ ಬಗ್ಗೆ ಕನ್ನಡದಲ್ಲಿ ಯಾರಾದರೂ ಅರ್ಧ ಪುಟ ಬರೆದರೂ ನನಗೆ ಖುಷಿಯೇ. ಆದರೆ ಅದರಲ್ಲಿ ಎರಡು ಮಾತು ತಪ್ಪು. ಒಂದು ಸಣ್ಣ ತಪ್ಪಲ್ಲ, ದಂಡ ಬೀಳುವ ತಪ್ಪು.

ಮೊದಲು ಅದನ್ನೇ ಹೇಳಿಬಿಡುತ್ತೇನೆ. 20 ಇಂಚಿನ ಮೀನು ಸಿಕ್ಕಿದರೆ ರಾತ್ರಿ ಊಟಕ್ಕೆ ಚಿಂತೆಯಿಲ್ಲ ಅನ್ನುವ ಅರ್ಥದಲ್ಲಿ ನಿಮ್ಮ ಲೇಖಕರು ಬರೆದಿದ್ದಾರೆ. ಲೇಕ್ ಫೋರ್ಕ್‌ನಲ್ಲಿ 16 ಇಂಚಿಗಿಂತ ಉದ್ದ, 24 ಇಂಚಿಗಿಂತ ಚಿಕ್ಕ ಬಾಸ್ ಸಿಕ್ಕಿದರೆ ಅಲ್ಲೇ, ಆಗಲೇ, ನೀರಿಗೆ ಬಿಡಬೇಕು. 16 ಇಂಚು ಅಥವಾ ಅದಕ್ಕಿಂತ ಚಿಕ್ಕದನ್ನು ಇಟ್ಟುಕೊಳ್ಳಬಹುದು, ದಿನಕ್ಕೆ ಒಟ್ಟು 5. ಆ ಐದರಲ್ಲಿ 24 ಇಂಚು ಅಥವಾ ಅದಕ್ಕಿಂತ ಉದ್ದದ್ದು ಒಂದಕ್ಕಿಂತ ಹೆಚ್ಚು ಇರಬಾರದು. ಅಳೆಯುವುದಕ್ಕೂ ಕ್ರಮ ಇದೆ: ಬಾಯಿ ಮುಚ್ಚಿಸಿ, ಬಾಲದ ಎರಡೂ ತುದಿ ಒಟ್ಟಿಗೆ ಹಿಡಿದು ಅಳೆಯಬೇಕು. ಅಂದಾಜಿನ ಮೇಲೆ ನಡೆಯುವುದಿಲ್ಲ. ದಡದಲ್ಲಿ ಗೇಮ್ ವಾರ್ಡನ್, ಅಂದರೆ ಈ ನಿಯಮ ನೋಡುವ ಅಧಿಕಾರಿ, ನಿಂತಿದ್ದರೆ ಪುರವಣಿಯ ಕಟಿಂಗ್ ತೋರಿಸಿ ಬಚಾವಾಗಲು ಆಗಲ್ಲ, ಅಲ್ವಾ?

ಇದು ಸುಮ್ನೆ ಮಾಡಿದ ನಿಯಮ ಅಲ್ಲ. ಈ ಜಲಾಶಯ ಸುಮಾರು 27 ಸಾವಿರ ಎಕರೆ. 1980ರಲ್ಲಿ ಅಣೆಕಟ್ಟು ಮುಚ್ಚಿ ನೀರು ನಿಲ್ಲಿಸಿದರು, ಪೂರ್ತಿ ತುಂಬಿದ್ದು 1985ರಲ್ಲಿ. ದೊಡ್ಡ ಬಾಸ್ ಬೆಳೆಸಬೇಕು ಅಂತಲೇ ಮೊದಲಿನಿಂದ ಲೆಕ್ಕ ಹಾಕಿದ ಕೆರೆ ಇದು. ತುಂಬುವ ಮೊದಲೇ ಫ್ಲೋರಿಡಾ ತಳಿಯ ಮರಿಗಳನ್ನು ಬಿಟ್ಟರು, ಮುಳುಗುವ ಕಾಡನ್ನು ಕಡಿಯದೆ ಬಹುಪಾಲು ಹಾಗೇ ಬಿಟ್ಟರು. ಇವತ್ತಿಗೂ ಬೋಟಿನಲ್ಲಿ ಹೋದರೆ ಸುತ್ತ ಒಣಗಿದ ಮರಗಳು ನೀರಿನಿಂದ ಎದ್ದು ನಿಂತಿರುತ್ತವೆ, ಮಂಜು ಇದ್ದರೆ ಸ್ವಲ್ಪ ಭಯವೇ ಆಗುತ್ತದೆ. ಟೆಕ್ಸಸ್‌ನ ಅತಿ ದೊಡ್ಡ ಬಾಸ್, 18.18 ಪೌಂಡಿನದು, ಸಿಕ್ಕಿದ್ದು ಇಲ್ಲೇ. 1992ರ ಜನವರಿಯಲ್ಲಿ. ನಮ್ಮ ಲೆಕ್ಕದಲ್ಲಿ ಎಂಟೂಕಾಲು ಕಿಲೋ.

ಇನ್ನು ಎರಡನೇ ಮಾತು. ಅದೇ ನನಗೆ ಜಾಸ್ತಿ ಚುಚ್ಚಿದ್ದು. ವಸಂತದ ಶುರುವಿನಲ್ಲಿ ಗೈಡ್‌ಗೆ ದುಡ್ಡು ಕೊಟ್ಟರೆ ಸಾಕು, ಮೀನು ಗ್ಯಾರಂಟಿ, ಅವನ ಮುಂದೆ ನೀರೊಳಗಿನ ಮೀನು ತೋರಿಸುವ ಸೋನಾರ್ ಪರದೆ ಇರುತ್ತೆ, ನಾವು ಗಾಳ ಹಾಕಿದರಾಯಿತು ಅಂತ ಬರೆದಿದ್ದಾರೆ. ಡಲ್ಲಾಸ್ ಕಡೆ ಇದ್ದು ಹತ್ತು ವರ್ಷದಿಂದ ಫೆಬ್ರವರಿ, ಮಾರ್ಚ್‌ನಲ್ಲಿ ಈ ಕೆರೆಗೆ ಹೋಗುತ್ತಿದ್ದೇನೆ. ಬೆಳಗಿನ ಜಾವ ಎದ್ದು ಒಂದೂವರೆ ಗಂಟೆ ಕಾರು ಓಡಿಸಿ, ಸಂಜೆ ಒಂದೂ ಮೀನು ಮುಟ್ಟದೆ ವಾಪಸ್ ಬಂದ ದಿನಗಳಿವೆ. ಗೈಡ್ ಜೊತೆಗಿದ್ದಾಗಲೇ.

ಯಾಕೆ ಅಂದರೆ ಆ ಕಾಲವೇ ಹಾಗೆ. ವರ್ಷದ ಅತಿ ದಪ್ಪ ಮೀನು ಸಿಗುವ ಕಾಲ ಅದು, ಅತಿ ಹೆಚ್ಚು ಮೀನು ಸಿಗುವ ಕಾಲ ಅಲ್ಲ. ಚಳಿಗಾಲ ಪೂರ್ತಿ ಆಳದಲ್ಲಿದ್ದ ಹೆಣ್ಣು ಬಾಸ್‌ಗಳು ನೀರು 50 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತಿದ್ದ ಹಾಗೆ, ಅಂದರೆ ಸುಮಾರು 10 ಸೆಲ್ಸಿಯಸ್, ಹಳೇ ತೊರೆಗಳ ಹಾದಿ ಹಿಡಿದು ನಿಧಾನಕ್ಕೆ ದಡದ ಕಡೆ ಹೊರಡುತ್ತವೆ. ಹೊಟ್ಟೆ ತುಂಬಾ ಮೊಟ್ಟೆ. ನೀರು 60 ದಾಟಿದ ಮೇಲೆ ಗಂಡು ಮೀನು ಆಳವಿಲ್ಲದ ಕಡೆ ಬಾಲದಿಂದ ತಳ ಗುಡಿಸಿ ಗೂಡು ಮಾಡುತ್ತದೆ, ಆಮೇಲೆ ಮೊಟ್ಟೆ. ಈ ಮಧ್ಯದ ಮೂರು ನಾಲ್ಕು ವಾರ ಹೆಣ್ಣುಗಳು ದಾರಿಯಲ್ಲಿ ಅಲ್ಲಲ್ಲಿ ತಂಗುತ್ತವೆ, ತಿನ್ನುತ್ತವೆ, ಕಾಯುತ್ತವೆ. ಉತ್ತರದಿಂದ ಒಂದು ಶೀತಗಾಳಿ ಬೀಸಿತೋ, ರಾತ್ರೋರಾತ್ರಿ ನೀರು ನಾಲ್ಕೈದು ಡಿಗ್ರಿ ಇಳಿಯುತ್ತದೆ, ನಿನ್ನೆ ಇದ್ದ ಮೀನು ಇವತ್ತು ಆಳಕ್ಕೆ ಸರಿದು ಬಾಯಿ ಮುಚ್ಚಿ ಕೂತುಬಿಡುತ್ತದೆ. ಪರದೆಯಲ್ಲಿ ಮೀನು ಕಾಣುತ್ತದೆ, ನಿಜ. ನಮ್ಮ ಲೂರ್, ಅಂದರೆ ಗಾಳಕ್ಕೆ ಕಟ್ಟಿದ ನಕಲಿ ಆಹಾರ, ಅದರ ಮೂಗಿನ ಮುಂದೆ ಹೋಗುವುದೂ ಕಾಣುತ್ತದೆ. ಅದು ಕಚ್ಚದೆ ತಿರುಗಿ ಹೋಗುವುದೂ ಕಾಣುತ್ತದೆ. ಅದನ್ನು ಅರ್ಧ ದಿನ ನೋಡಿದವರಿಗೇ ಗೊತ್ತು ಆ ಸಂಕಟ.

ಹಾಗಾದರೆ ಗೈಡ್ ಯಾಕೆ? ಒಂದು ದಿನದ ಕಥೆ ಹೇಳುತ್ತೇನೆ.

ಎರಡು ವರ್ಷದ ಹಿಂದೆ, ಮಾರ್ಚ್ ಮೊದಲ ವಾರ. ಹಿಂದಿನ ದಿನ ಗಾಳಿ, ಅವತ್ತು ಬಿಸಿಲು. ದೊಡ್ಡ ನೀರಿನಲ್ಲಿ ಬೋಟಿನ ಮೀಟರ್ 52 ತೋರಿಸುತ್ತಿತ್ತು. ನಾನು ನನ್ನ ಹಳೇ ಜಾಗದ ಹೆಸರು ಹೇಳಿದೆ. ನಮ್ಮ ಗೈಡ್, ಅರವತ್ತು ದಾಟಿದ ಮನುಷ್ಯ, ಮಾತು ಕಮ್ಮಿ, ಬೇಡ ಅಂತ ತಲೆ ಅಲ್ಲಾಡಿಸಿ ಬೋಟನ್ನು ವಾಯವ್ಯ ಮೂಲೆಯಲ್ಲಿ ನೆಲದೊಳಗೆ ಚಾಚಿದ ನೀರಿಗೆ ಓಡಿಸಿದರು. ಅಲ್ಲಿ ಉತ್ತರದ ಗಾಳಿಗೆ ದಡವೇ ಅಡ್ಡ. ತೆಂಕಣ ಸೂರ್ಯನ ಬಿಸಿಲು ಮಾತ್ರ ಬೆಳಗಿನಿಂದ ಸಂಜೆವರೆಗೆ ನೇರ ಬೀಳುತ್ತದೆ. ಒಳಗೆ ಹೋಗುತ್ತಾ ಹೋಗುತ್ತಾ ಮೀಟರ್ 54, 55, 57. ಅದೇ ಕೆರೆ, ಅದೇ ದಿನ, ಐದು ಡಿಗ್ರಿ ವ್ಯತ್ಯಾಸ.

ಆದರೂ ಒಂದೂವರೆ ಗಂಟೆ ಏನೂ ಇಲ್ಲ. ಕೆಂಪು ಬಣ್ಣದ, ಒಳಗೆ ಗುಂಡು ಗಲಗಲ ಅನ್ನುವ ಚಪ್ಪಟೆ ಲೂರ್ ಎಸೆದು ಎಳೆಯುತ್ತಿದ್ದೆ. ಆ ಹೊತ್ತಿನಲ್ಲಿ ಸಿಗಡಿಯಂಥ ಕ್ರಾಫಿಶ್ ತಳದಿಂದ ಹೊರಬರುತ್ತವೆ, ಬಾಸ್‌ಗೆ ಅದು ಇಷ್ಟ, ಅದಕ್ಕೇ ಕೆಂಪು. ಪ್ರತಿ ಸಲ ನೀರಿನ ಕೆಳಗಿನ ಜೊಂಡಿಗೆ ಸಿಕ್ಕಿಕೊಳ್ಳುತ್ತಿತ್ತು. ನಾನು ಬೇಸರದಿಂದ ಮೆಲ್ಲಗೆ ಬಿಡಿಸಿಕೊಳ್ಳುತ್ತಿದ್ದೆ. ಅವರು ನೋಡಿ ನೋಡಿ ಕೊನೆಗೆ ಒಂದೇ ಮಾತು ಹೇಳಿದರು: ಸಿಕ್ಕಿಕೊಳ್ಳುವುದು ತೊಂದರೆ ಅಲ್ಲ, ಅದೇ ಕೆಲಸ, ಸಿಕ್ಕಿದ ಕೂಡಲೇ ರಾಡನ್ನು ಪಟ್ ಅಂತ ಜಗ್ಗಿ ಬಿಡಿಸು, ಆಮೇಲೆ ಒಂದು ಕ್ಷಣ ಸಡಿಲ ಬಿಡು. ಮೂರನೇ ಸಲ ಜಗ್ಗಿದಾಗ ಜೊಂಡು ಬಿಟ್ಟಿತು, ಲೂರ್ ಬೀಳುತ್ತಿರುವಾಗಲೇ ದಾರ ಭಾರವಾಯಿತು. ಕಚ್ಚಿದ ಹಾಗೆ ಅನಿಸಲಿಲ್ಲ. ಒದ್ದೆ ಗೋಣಿಚೀಲ ಎಳೆದ ಹಾಗೆ. ಆಮೇಲೆ ಆ ಗೋಣಿಚೀಲ ತಾನಾಗಿ ಪಕ್ಕಕ್ಕೆ ಹೊರಟಿತು!

ಬೋಟಿಗೆ ಬಂದಾಗ ನೋಡಿದರೆ ಹೊಟ್ಟೆ ಕುಂಬಳಕಾಯಿ. ಕೈಗೆ ಐಸ್ ಮುಟ್ಟಿದ ಹಾಗೆ ತಣ್ಣಗಿತ್ತು. 23 ಇಂಚು, 8 ಪೌಂಡಿಗೆ ಸ್ವಲ್ಪ ಮೇಲೆ. ಗೈಡ್ ಕೈ ಒದ್ದೆ ಮಾಡಿಕೊಂಡೇ ಮುಟ್ಟಿದರು, ಒಣ ಕೈ ತಾಗಿದರೆ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಆ ಲೋಳೆಯೇ ಅದಕ್ಕೆ ರೋಗದಿಂದ ಕಾಪು. ಒಂದು ಕೈ ದವಡೆಗೆ, ಇನ್ನೊಂದು ಹೊಟ್ಟೆ ಕೆಳಗೆ, ಅಡ್ಡಕ್ಕೆ. ಒಂದು ಫೋಟೋ. ನಾನು ಇನ್ನೊಂದು ಅನ್ನುವಷ್ಟರಲ್ಲಿ ಅದು ನೀರಲ್ಲಿತ್ತು. ಆವಾಗ ಸ್ವಲ್ಪ ಕೋಪ ಬಂದಿದ್ದು ನಿಜ.

ಇದನ್ನು ಬರೆಯಲು ಕಾರಣ ಇದೆ. ಅದಕ್ಕೂ ಮೊದಲು ಬೇರೊಬ್ಬ ಗೈಡ್ ಜೊತೆ ಹೋಗಿದ್ದೆ, ಹೆಸರು ಬೇಡ. ಅವರಿಗೆ ಫೋಟೋನೇ ವ್ಯಾಪಾರ. ದಪ್ಪ ಹೆಣ್ಣು ಮೀನನ್ನು ಬಾಯಿ ಹಿಡಿದು ನೇತಾಡಿಸಿ, ನನ್ನ ಕೈಗೊಮ್ಮೆ, ಗೆಳೆಯನ ಕೈಗೊಮ್ಮೆ, ಟೋಪಿ ಹಾಕಿಕೊಂಡು ಒಮ್ಮೆ, ತೆಗೆದು ಒಮ್ಮೆ. ಐದು ನಿಮಿಷವಾದರೂ ಆಗಿರಬೇಕು. ನೀರಿಗೆ ಬಿಟ್ಟಾಗ ಅದು ಪಕ್ಕಕ್ಕೆ ವಾಲಿ ತೇಲಿತು. ಕಿವಿರು ಆಡುತ್ತಿತ್ತು, ಬಾಲ ಆಡುತ್ತಿರಲಿಲ್ಲ. ಸರಿಹೋಗುತ್ತೆ ಅಂದರು, ಬೋಟು ಮುಂದೆ ಹೋಯಿತು. ಅದು ಸರಿಹೋಯಿತೋ ಇಲ್ಲವೋ ಗೊತ್ತಿಲ್ಲ. ನಾನೂ ಹಲ್ಲು ಕಿರಿದು ನಿಂತಿದ್ದೆನಲ್ಲ, ಅವರೊಬ್ಬರನ್ನೇ ಅಂದು ಏನು ಪ್ರಯೋಜನ. ನಿಮ್ಮ ಪುರವಣಿಯ ದೊಡ್ಡ ಫೋಟೋದಲ್ಲೂ ಮೀನು ಹಾಗೇ ನೇತಾಡುತ್ತಿದೆ. ಅಷ್ಟು ಭಾರದ ಮೀನಿನ ದವಡೆಗೆ ಅದರ ಪೂರ್ತಿ ತೂಕ ಹೊರುವ ಶಕ್ತಿ ಇರುವುದಿಲ್ಲ.

ಗೈಡ್‌ಗಳು ಅಂದರೆ ಬೋಟ್ ಓಡಿಸುವವರು ಅಂತ ನಿಮ್ಮ ಓದುಗರು ತಿಳಿಯಬಾರದು. ಇದೇ ಕೆರೆಯಲ್ಲಿ 1986ರ ನವೆಂಬರ್‌ನಲ್ಲಿ ಮಾರ್ಕ್ ಸ್ಟೀವನ್ಸನ್ ಅನ್ನುವ ಗೈಡ್ 17.67 ಪೌಂಡಿನ ಬಾಸ್ ಹಿಡಿದರು, ಅದು ಆಗಿನ ರಾಜ್ಯ ದಾಖಲೆ. ಕೊಂದು ಗೋಡೆಗೆ ತೂಗುಹಾಕಲಿಲ್ಲ, ಜೀವಂತ ಕೊಟ್ಟರು. ದೊಡ್ಡ ಬಾಸ್ ಜೀವಂತ ಪಡೆದು ಮರಿ ಮಾಡಿಸುವ ಟೆಕ್ಸಸ್ ಸರ್ಕಾರದ ಶೇರ್‌ಲಂಕರ್ ಯೋಜನೆಯ ಮೊದಲ ಮೀನು ಅದೇ, ಎಥೆಲ್ ಅಂತ ಹೆಸರು. ಈಗಲೂ ಜನವರಿಯಿಂದ ಮಾರ್ಚ್ ಕೊನೆವರೆಗೆ 13 ಪೌಂಡ್ ಅಥವಾ ಅದಕ್ಕಿಂತ ಭಾರದ ಬಾಸ್ ಹಿಡಿದವರು ಫೋನ್ ಮಾಡಿದರೆ ಇಲಾಖೆಯವರೇ ಬಂದು ಒಯ್ಯುತ್ತಾರೆ, ಟೆಕ್ಸಸ್‌ನದೇ ಏಥೆನ್ಸ್ ಊರಿನ ಮೀನು ಕೇಂದ್ರದಲ್ಲಿ ಮರಿ ಮಾಡಿಸಿ ಕೆರೆಗಳಿಗೆ ಬಿಡುತ್ತಾರೆ. ಯಾಕೆ ಆ ಮೂರೇ ತಿಂಗಳು ಅಂದರೆ, ಆಗಲೇ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ.

ಹೋಗುವವರಿಗೆ ಇನ್ನೆರಡು ಮಾತು, ಲೇಖನದಲ್ಲಿ ಬಿಟ್ಟುಹೋಗಿದ್ದು. ಗೈಡ್ ಹತ್ತಿರ ರಾಜ್ಯದ ಗೈಡ್ ಲೈಸೆನ್ಸ್ ಇರಬೇಕು, ಕೇಳಿ ನೋಡಿ, ಅದರಲ್ಲಿ ನಾಚಿಕೆ ಇಲ್ಲ. ಆದರೆ ಅವರ ಲೈಸೆನ್ಸ್ ನಿಮಗೆ ನಡೆಯುವುದಿಲ್ಲ. 17 ತುಂಬಿದವರು ಗಾಳ ಹಾಕಬೇಕಾದರೆ ತಮ್ಮದೇ ಲೈಸೆನ್ಸ್ ತೆಗೆದುಕೊಳ್ಳಬೇಕು, ಹೊರಗಿನಿಂದ ಬಂದವರಿಗೆ ಒಂದು ದಿನದ್ದೂ ಸಿಗುತ್ತದೆ. ಬುಕ್ ಮಾಡುವಾಗ ಎಷ್ಟು ಮೀನು ಸಿಗುತ್ತೆ ಅಂತ ಕೇಳಬೇಡಿ. ಶೀತಗಾಳಿ ಬಂದರೆ ದಿನ ಬದಲಿಸುತ್ತೀರಾ ಅಂತ ಕೇಳಿ. ಮತ್ತೆ ಸ್ವೆಟರ್ ಸಾಲದು. ಓಡುವ ಬೋಟಿನಲ್ಲಿ ಮಾರ್ಚ್ ಬೆಳಗಿನ ಗಾಳಿ ಮೂಳೆಗೆ ಇಳಿಯುತ್ತದೆ.

16ರಿಂದ 24 ಇಂಚಿನ ನಿಯಮದ ತಿದ್ದುಪಡಿಯನ್ನು ಮುಂದಿನ ಭಾನುವಾರ, ಅದೇ ಪುಟದಲ್ಲಿ, ಓದಲು ಆಗುವಷ್ಟು ದೊಡ್ಡ ಅಕ್ಷರದಲ್ಲಿ ಹಾಕಿ. ಫೆಬ್ರವರಿ ಹತ್ತಿರ ಬಂತು, ಲೇಖನ ಓದಿದವರು ಆಗಲೇ ಟಿಕೆಟ್ ನೋಡುತ್ತಿರುತ್ತಾರೆ.

ಇಂತಿ,
ನಿಮ್ಮ ಹಳೇ ಓದುಗ, ಡಲ್ಲಾಸ್