ಕ್ಯಾತ್ಸಂದ್ರದಲ್ಲಿ ಗಾಡಿ ಕೆಳಗೆ ಮಲಗಿದ ಅಣ್ಣನಿಗೆ

ಅಣ್ಣಾ, ನಿಮ್ ಹೆಸ್ರು ಕೇಳೋದೇ ಮರ್ತೆ, ಅದಕ್ಕೆ ಇಲ್ಲೇ ಹೇಳ್ತಿದೀನಿ, ತುಂಬಾ ಥ್ಯಾಂಕ್ಸ್. ತಟ್ಟೆ ಇಡ್ಲಿ ತಿನ್ನಕ್ಕೆ ಅಂತ ನಿಲ್ಸಿದ್ದೆ, ಸೆಕೆಂಡ್ ಹ್ಯಾಂಡ್ ಗಾಡಿ, 60 ದಾಟಿದ್ರೆ ಹಿಂದ್ಗಡೆಯಿಂದ ಗುಂಯ್ ಅಂತ ಸೌಂಡು, ಆಕ್ಸಿಲೇಟರ್ ಬಿಟ್ರೆ ಸೌಂಡೇ ಬದಲಾಗೋದು, ನಿಲ್ಸಿದ್ ಕಡೆಯೆಲ್ಲಾ ಆಯಿಲ್ ಹನಿ. ಒಂದ್ ಗ್ಯಾರೇಜಲ್ಲಿ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳನ್ನ ತಿರುಗ್ಸೋ ಗೇರ್ ಡಬ್ಬ) ಪೂರ್ತಿ ಚೇಂಜ್ ಮಾಡ್ಬೇಕು ಅಂದಿದ್ರು, ಅವತ್ತಿಂದ ನಿದ್ದೇನೇ ಇಲ್ಲ.

ನೀವು ನೆಲದ ಮೇಲಿನ ಕಲೆ ನೋಡಿ, ಬಿಳಿ ಅಂಗೀಲೇ ಕೆಳಗೆ ಮಲಗಿ, ಅದಕ್ಕೆ ಆಯಿಲ್ ಹಾಕೋ ತೂತಿನ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿದ್ರಿ, ಆಯಿಲ್ ಸಿಗ್ಲೇ ಇಲ್ಲ. ಆಮೇಲೆ ಒಳಗಿನ ಗಾಳಿ ಹೊರಗೆ ಬಿಡೋ ಬ್ರೀದರ್ ತೋರ್ಸಿದ್ರಿ, ಮಣ್ಣು ತುಂಬಿ ಮುಚ್ಚೋಗಿತ್ತು, ಒಳಗೆ ಬಿಸಿಯಾಗಿ ಪ್ರೆಶರ್ ಬಂದು ಪಿನಿಯನ್ ಸೀಲ್ (ಶಾಫ್ಟ್ ಒಳಗೆ ಹೋಗೋ ಜಾಗದಲ್ಲಿ ಆಯಿಲ್ ತಡೆಯೋ ರಿಂಗ್) ಕಡೆಯಿಂದ ಆಯಿಲ್ ಹೊರಗೆ ತಳ್ತಿದೆ ಅಂದ್ರಿ. ಇಷ್ಟು ಬಿಡಿಸಿ ನಂಗೆ ಯಾರೂ ಹೇಳಿರ್ಲಿಲ್ಲ.

ನೀವಂದಂಗೇ ಬ್ರೀದರ್ ಕ್ಲೀನ್ ಮಾಡಿ ಹೊಸ ಸೀಲ್ ಹಾಕ್ಸಿದೆ, ಪಿನಿಯನ್ ನಟ್ ಬಿಚ್ಚೋ ಮುಂಚೆ ಅದು ಎಲ್ಲಿತ್ತು ಅಂತ ಗುರುತು ಹಾಕ್ಸಿದೆ (ಬೇರಿಂಗ್ ಟೈಟು ಹೆಚ್ಚುಕಮ್ಮಿ ಆಗ್ಬಾರ್ದು ಅಂದಿದ್ರಲ್ಲ), ಇಪಿ 90 ಗೇರ್ ಆಯಿಲ್ ತೂತಿನ ಅಂಚಿನ ತನಕ. ಈಗ ಒಂದ್ ಹನೀನೂ ಇಲ್ಲ. ಸೌಂಡ್ ಸ್ವಲ್ಪ ಉಳ್ದಿದೆ, ಬೇರಿಂಗ್ ಸವೆದಿರ್ಬೇಕು, ಅದನ್ನೂ ತೋರಿಸ್ತೀನಿ. ಶಿರಾ ಕಡೆ ಹೋಗ್ಬೇಕು ಅಂತ ಅವಸರದಲ್ಲಿದ್ರಿ, ಆದ್ರೂ ಅರ್ಧ ಗಂಟೆ ಕೊಟ್ರಿ, ಕಾಫಿ ದುಡ್ಡೂ ನೀವೇ ಕೊಟ್ಬಿಟ್ರಿ ಅಣ್ಣಾ.